ಕೆಟ್ಟ ಚಿತ್ರಗಳ ಫೋಲ್ಡರ್: ಹೊಸ ಕ್ಯಾಮೆರಾ ಕೊಳ್ಳಬೇಕೇ ಎಂದು ಕೇಳಿದ ಒಂದು ಸ್ಟುಡಿಯೊದ ಪ್ರಕರಣ

ಮಲೆನಾಡಿನ ಒಂದು ತಾಲ್ಲೂಕು ಕೇಂದ್ರದಲ್ಲಿ ಅಣ್ಣತಮ್ಮಂದಿರಿಬ್ಬರು ನಡೆಸುವ ಫೋಟೊ ಸ್ಟುಡಿಯೊದ ಪ್ರಕರಣ ಇದು. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಊರು, ಹೆಸರು, ಗುರುತು ಸಿಗುವ ವಿವರಗಳನ್ನು ಬಿಟ್ಟಿದ್ದೇನೆ. ಅವರನ್ನು ಅಣ್ಣ, ತಮ್ಮ ಎಂದೇ ಕರೆಯುತ್ತೇನೆ. ಸ್ಟುಡಿಯೊದ ಲೆಕ್ಕಪತ್ರ ನೋಡಿಕೊಳ್ಳುವವರು ಅಣ್ಣನ ಹೆಂಡತಿ. ತಮ್ಮ ಕರೆಯುವಂತೆ ನಾನೂ ಅವರನ್ನು ಅತ್ತಿಗೆ ಎನ್ನುತ್ತೇನೆ, ಏಕೆಂದರೆ ಈ ಪ್ರಕರಣದ ತಿರುವು ಬಂದದ್ದು ಅವರಿಂದ.

ನಾನು ಫಿಲಂ ಕಾಲದಿಂದಲೂ ಮದುವೆ ಚಿತ್ರಗಳ ಕೆಲಸದಲ್ಲಿರುವವನು. ಈಚಿನ ವರ್ಷಗಳಲ್ಲಿ ಸಣ್ಣ ಊರುಗಳ ಛಾಯಾಗ್ರಾಹಕರು ‘ಬಾಡಿ ಬದಲಿಸಲೇ ಸರ್?’ ಎಂದು ನನಗೆ ಕರೆ ಮಾಡುತ್ತಾರೆ. ಬಾಡಿ ಎಂದರೆ ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾ. ಹೌದು ಅಥವಾ ಬೇಡ ಎಂದು ಒಂದೇ ಮಾತಿನಲ್ಲಿ ಉತ್ತರ ಕೊಡುವ ಅಭ್ಯಾಸವನ್ನು ಈ ಸ್ಟುಡಿಯೊದ ಕೆಲಸ ನೋಡಿದ ಮೇಲೆ ಬಿಟ್ಟೆ.

ಸ್ಟುಡಿಯೊದಲ್ಲಿ ಏನಿತ್ತು

ಸ್ಟುಡಿಯೊ ತಂದೆಯ ಕಾಲದ್ದು. ಮುಖ್ಯ ಕ್ಯಾಮೆರಾ ಕ್ಯಾನನ್ 5ಡಿ ಮಾರ್ಕ್ 3. 2012ರಲ್ಲಿ ಮಾರುಕಟ್ಟೆಗೆ ಬಂದ ಮಾದರಿ. ಇವರು ಕೊಂಡದ್ದು 2014ರಲ್ಲಿ, ಸಾಲ ಮಾಡಿ. ಅದನ್ನು ಹಿಡಿಯುವವರು ತಮ್ಮ. ಧಾರೆ, ಲಾಜಾಹೋಮ, ಸಪ್ತಪದಿಯ ಕ್ಷಣಗಳೆಲ್ಲ ಅವರ ಪಾಲಿಗೆ. ಅಣ್ಣನ ಕೈಯಲ್ಲಿ ಅದಕ್ಕೂ ಹಳೆಯ 60ಡಿ. ವೇದಿಕೆಯ ಮೇಲೆ ನೆಂಟರನ್ನು ಸಾಲಾಗಿ ನಿಲ್ಲಿಸಿ ತೆಗೆಯುವ ಚಿತ್ರಗಳಿಗೆ ಅದು ಸಾಕಾಗುತ್ತಿತ್ತು. ಲೆನ್ಸ್‌ಗಳಲ್ಲಿ 24-70, 70-200 ಎಂಎಂ ಜೂಮ್‌ಗಳು, ಜೊತೆಗೆ ತಮ್ಮನಿಗೆ ಪ್ರಾಣವಾದ 85 ಎಂಎಂ ಎಫ್/1.8 (ಎಫ್ ಸಂಖ್ಯೆ ಚಿಕ್ಕದಾದಷ್ಟೂ ಲೆನ್ಸಿನ ಕಿಂಡಿ ಅಗಲ, ಬೆಳಕು ಹೆಚ್ಚು, ಸ್ಪಷ್ಟವಾಗಿ ಬರುವ ಆಳ ಕಡಿಮೆ). ವರ್ಷಕ್ಕೆ ಸುಮಾರು 35 ಮದುವೆ, ನಡುನಡುವೆ ಉಪನಯನ, ಗೃಹಪ್ರವೇಶ.

ಮಲೆನಾಡಿನ ಹಳೆಯ ಛತ್ರಗಳನ್ನು ನೋಡದವರಿಗೆ ಒಂದು ಮಾತು ಹೇಳಬೇಕು. ಒಳಗೆ ಕತ್ತಲೆ ಹೆಚ್ಚು. ಮೇಲ್ಛಾವಣಿ ಕಪ್ಪು ಮರದ್ದು, ಇಲ್ಲವೇ ತಗಡಿನದು. ಫ್ಲ್ಯಾಷ್ ಬೆಳಕನ್ನು ಬಿಳಿಯ ಚಾವಣಿಗೆ ಹೊಡೆದು ಮೆದುವಾಗಿ ಇಳಿಸಿಕೊಳ್ಳುವ ನಗರದ ಉಪಾಯ ಇಲ್ಲಿ ನಡೆಯುವುದಿಲ್ಲ. ಅದರ ಮೇಲೆ ಹೋಮದ ಹೊಗೆ. ಸಂಜೆ ಆರತಕ್ಷತೆಗೆ ಮಾತ್ರ ಅದೇ ಛತ್ರದಲ್ಲಿ ದೊಡ್ಡ ಎಲ್‌ಇಡಿ ಪರದೆ, ಬಣ್ಣಬಣ್ಣದ ದೀಪಗಳು. ಬೆಳಗ್ಗೆ ಒಂದು ಬಗೆಯ ಕಷ್ಟ, ಸಂಜೆ ಅದಕ್ಕೆ ತದ್ವಿರುದ್ಧವಾದ ಇನ್ನೊಂದು.

ಮೇ ತಿಂಗಳ ಮದುವೆ

2023ರ ಮೇ ತಿಂಗಳಲ್ಲಿ ಒಂದು ಮದುವೆಯ ಆಲ್ಬಂ ಒಪ್ಪಿಸುವಾಗ ಜಗಳವಾಯಿತು. ಅಂತರಪಟ ಸರಿದ ಕ್ಷಣದ ಚಿತ್ರದಲ್ಲಿ ವರನ ಬಾಸಿಂಗ ಶಾರ್ಪ್ ಆಗಿದೆ, ವಧುವಿನ ಕಣ್ಣು ಮಸುಕು. ಜೀರಿಗೆ-ಬೆಲ್ಲ ಹಾಕುವ ಕೈ ಅಲುಗಿದೆ. ಆರತಕ್ಷತೆಯ ಹಲವು ಚಿತ್ರಗಳಲ್ಲಿ ಅಡ್ಡಡ್ಡಲಾಗಿ ಕಪ್ಪು-ಹಳದಿ ಪಟ್ಟಿಗಳು. ಹುಡುಗಿಯ ತಂದೆ ಬಾಕಿ ಹಣದಲ್ಲಿ ಒಂದಷ್ಟನ್ನು ಹಿಡಿದುಕೊಂಡರು. ಹಣಕ್ಕಿಂತ ಹೆಚ್ಚಾಗಿ ಅಣ್ಣತಮ್ಮಂದಿರನ್ನು ಕುಗ್ಗಿಸಿದ್ದು ಅವರು ಹೇಳಿದ ಮಾತು: “ಇದನ್ನು ಇನ್ನೊಮ್ಮೆ ತೆಗೆಯಲು ಬರುತ್ತದೆಯೇ?”

ತಮ್ಮನ ನಿಲುವು ಸ್ಪಷ್ಟವಾಗಿತ್ತು. ಕ್ಯಾಮೆರಾಕ್ಕೆ ವಯಸ್ಸಾಯಿತು. ಕಣ್ಣನ್ನೇ ಹುಡುಕಿ ಫೋಕಸ್ ಹಿಡಿಯುವ ಮಿರರ್‌ಲೆಸ್ (ಒಳಗೆ ಕನ್ನಡಿಯಿಲ್ಲದ ಕ್ಯಾಮೆರಾ) ಬಂದಿರುವಾಗ ಇನ್ನೂ ಕನ್ನಡಿಯಿರುವ ಹಳೆಯ ಡಿಎಸ್‌ಎಲ್‌ಆರ್ ಹಿಡಿದು ಗ್ರಾಹಕರಿಗೆ ಮೋಸ ಮಾಡುವುದು ಬೇಡ. ಅವರ ಕಣ್ಣಿದ್ದದ್ದು 2022ರ ಕೊನೆಯಲ್ಲಿ ಬಂದ ಕ್ಯಾನನ್ ಆರ್6 ಮಾರ್ಕ್ 2 ಮೇಲೆ. ಅಂಗಡಿಯವರು ಕಂತಿನ ಕಾಗದಗಳನ್ನು ಸಿದ್ಧ ಮಾಡಿಕೊಂಡೇ ಕಾಯುತ್ತಿದ್ದರು. ಬಾಡಿ, ಹಳೆಯ ಲೆನ್ಸ್‌ಗಳನ್ನು ಜೋಡಿಸುವ ಅಡಾಪ್ಟರ್, ಕಾರ್ಡು, ಹೆಚ್ಚುವರಿ ಬ್ಯಾಟರಿ ಎಲ್ಲ ಸೇರಿ ಎರಡೂವರೆ ಲಕ್ಷದ ಲೆಕ್ಕ.

ಅಣ್ಣ ಒಪ್ಪಲಿಲ್ಲ. ಒಪ್ಪದಿದ್ದರೆ ಇರಲಿ, ಊಟದ ಹೊತ್ತಿನಲ್ಲಿ ಎಲ್ಲರೆದುರು ಒಂದು ಗಾದೆ ಹೇಳಿಬಿಟ್ಟರು: ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಆ ರಾತ್ರಿಯಿಂದ ಇಬ್ಬರ ನಡುವೆ ಕ್ಯಾಮೆರಾದ ಮಾತು ನಿಂತಿತು. ಜೂನ್ ಮೊದಲ ವಾರ ನನಗೆ ಬಂದದ್ದು ಎರಡು ಕರೆ. ಬೆಳಗ್ಗೆ ತಮ್ಮನದು, ಸಂಜೆ ಅಣ್ಣನದು. ಇಬ್ಬರೂ ತಂತಮ್ಮ ಪರವಾಗಿ ನಾನೊಂದು ಮಾತು ಹೇಳಲಿ ಎಂದು ಬಯಸಿದ್ದರು.

318 ಚಿತ್ರಗಳು

ನಾನು ಯಾರ ಪರವಾಗಿಯೂ ಮಾತನಾಡದೆ ಕೇಳಿದ್ದು ಒಂದೇ ಪ್ರಶ್ನೆ: ಆ ಕೆಟ್ಟ ಚಿತ್ರಗಳು ಇವೆಯೇ, ಅಳಿಸಿದ್ದೀರಾ? ಅಣ್ಣ ತಾವು ತೆಗೆದ ಕೆಟ್ಟ ಚಿತ್ರಗಳನ್ನು ಅಲ್ಲಲ್ಲೇ ಕ್ಯಾಮೆರಾದಲ್ಲೇ ಅಳಿಸುವವರು. ತಮ್ಮ ಏನನ್ನೂ ಅಳಿಸುವುದಿಲ್ಲ. ಅದು ನಮ್ಮ ಪುಣ್ಯ. ಆ ಬೇಸಿಗೆಯ ಮೂರು ಮದುವೆಗಳಿಂದ ಆಲ್ಬಂಗೆ ಬಾರದೆ ಉಳಿದ ಚಿತ್ರಗಳನ್ನು ಒಂದು ಫೋಲ್ಡರ್‌ಗೆ ಹಾಕಿಸಿದೆ. ಕಣ್ಣು ಮುಚ್ಚಿದ್ದು, ಯಾರೋ ಅಡ್ಡ ಬಂದದ್ದು ಇಂಥವನ್ನು ಬಿಟ್ಟು, ಕ್ಯಾಮೆರಾ ಕೆಲಸದಿಂದಲೇ ಕೆಟ್ಟವು 318 ಉಳಿದವು.

ಎರಡು ದಿನ ಕೂತು ಒಂದೊಂದನ್ನೂ ತೆರೆದು ನೋಡಿದೆವು. ಕ್ಯಾನನ್ ಉಚಿತವಾಗಿ ಕೊಡುವ ಡಿಜಿಟಲ್ ಫೋಟೊ ಪ್ರೊಫೆಷನಲ್ ತಂತ್ರಾಂಶದಲ್ಲಿ ಯಾವ ಫೋಕಸ್ ಬಿಂದು ಬಳಕೆಯಾಯಿತು ಎಂಬುದು ಚಿತ್ರದ ಮೇಲೆಯೇ ಕಾಣುತ್ತದೆ. ಷಟರ್ ವೇಗ (ಷಟರ್ ಎಷ್ಟು ಹೊತ್ತು ತೆರೆದಿತ್ತು), ಅಪರ್ಚರ್ (ಲೆನ್ಸಿನ ಕಿಂಡಿಯ ಅಗಲ), ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಎಲ್ಲವೂ ಕಡತದಲ್ಲಿಯೇ ಇರುತ್ತವೆ. ಹೀಗೆ ವಿಂಗಡಿಸಿದಾಗ ಫೋಕಸ್ ತಪ್ಪಿದವು 131, ಅಲುಗಿದವು 88, ಪಟ್ಟಿ ಬಿದ್ದವು 63, ಫ್ಲ್ಯಾಷ್ ಹೊತ್ತಿಕೊಳ್ಳದೆ ಕತ್ತಲಾದವು 36.

ಫೋಕಸ್ ತಪ್ಪಿದ 131ರಲ್ಲಿ 74 ಚಿತ್ರಗಳು ಆ 85 ಎಂಎಂ ಲೆನ್ಸಿನಿಂದ ಬಂದಿದ್ದವು, ಎಲ್ಲವೂ ಎಫ್/1.8ರಲ್ಲಿ. ಫೋಕಸ್ ಬಿಂದು ವಧುವಿನ ಕಣ್ಣಿನ ಮೇಲೆಯೇ ಇತ್ತು, ಆದರೆ ಶಾರ್ಪ್ ಆಗಿದ್ದದ್ದು ಕಿವಿಯ ಜುಮುಕಿ. ಒಂದೆರಡರಲ್ಲಿ ಅಲ್ಲ, ಸಾಲುಸಾಲಾಗಿ ಎಲ್ಲದರಲ್ಲೂ ಹಾಗೆಯೇ, ಪ್ರತಿ ಸಲ ಹಿಂದಕ್ಕೆ. ಒಂದೇ ದಿಕ್ಕಿಗೆ ಒಂದೇ ಅಳತೆಯಲ್ಲಿ ತಪ್ಪುತ್ತಿದ್ದರೆ ತೆಗೆದವರ ಕೈಯನ್ನು ದೂರುವಂತಿಲ್ಲ. ಡಿಎಸ್‌ಎಲ್‌ಆರ್‌ನಲ್ಲಿ ಫೋಕಸ್ ಅಳೆಯುವುದು ಕನ್ನಡಿಯ ಕೆಳಗಿರುವ ಬೇರೊಂದು ಸಂವೇದಕ, ಚಿತ್ರ ಬೀಳುವುದು ಬೇರೊಂದರ ಮೇಲೆ. ಎರಡರ ನಡುವೆ ಕೂದಲೆಳೆಯಷ್ಟು ವ್ಯತ್ಯಾಸವಾದರೂ ಇಂಥ ಲೆನ್ಸ್ ಅದನ್ನು ಬಯಲು ಮಾಡುತ್ತದೆ. 85 ಎಂಎಂ ಲೆನ್ಸನ್ನು ಎಫ್/1.8ರಲ್ಲಿಟ್ಟು ಎರಡು ಮೀಟರ್ ದೂರದಿಂದ ತೆಗೆದರೆ ಸ್ಪಷ್ಟವಾಗಿ ಬರುವ ಆಳ ಸುಮಾರು 6 ಸೆಂಟಿಮೀಟರ್. ಅದರಲ್ಲಿ ಮೂರು ಸೆಂಟಿಮೀಟರ್ ಹಿಂದೆ ಸರಿದರೆ ಕಣ್ಣು ಹೋಯಿತು. ಇದನ್ನು ಸರಿಪಡಿಸಲೆಂದೇ 5ಡಿ ಮಾರ್ಕ್ 3ರ ಮೆನುವಿನಲ್ಲಿ ಪ್ರತಿ ಲೆನ್ಸಿಗೂ ಪ್ರತ್ಯೇಕವಾಗಿ, ಎರಡೂ ಕಡೆಗೆ 20 ಹೆಜ್ಜೆಯವರೆಗೆ ಹೊಂದಿಸುವ ವ್ಯವಸ್ಥೆ ಇದೆ. ಒಂಬತ್ತು ವರ್ಷಗಳಲ್ಲಿ ಅದನ್ನು ಒಮ್ಮೆಯೂ ತೆರೆದಿರಲಿಲ್ಲ. ಅಂಥದ್ದೊಂದು ಇದೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ.

ಉಳಿದ 57 ಚಿತ್ರಗಳ ಕಥೆ ಬೇರೆ. ಕ್ಯಾಮೆರಾವೇ ಬಿಂದು ಆರಿಸಿಕೊಳ್ಳಲಿ ಎಂದು ಬಿಟ್ಟಿದ್ದರಿಂದ ಅದು ಹತ್ತಿರವಿದ್ದ ಹಾರವನ್ನೋ, ಪುರೋಹಿತರ ಕೈಯನ್ನೋ ಹಿಡಿದಿತ್ತು. ಇಲ್ಲಿ ತಮ್ಮ ಹೇಳಿದ್ದು ನಿಜ. ಹೊಸ ಕ್ಯಾಮೆರಾ ಕಣ್ಣನ್ನು ಗುರುತಿಸುತ್ತಿತ್ತು.

ಅಲುಗಿದ 88ರಲ್ಲಿ ಹೆಚ್ಚಿನವು 1/50, 1/60 ಸೆಕೆಂಡಿನ ಷಟರ್ ವೇಗದಲ್ಲಿ ತೆಗೆದವು. “ಹೊಸದರಲ್ಲಿ ಬಾಡಿಯೊಳಗೇ ಸ್ಥಿರೀಕರಣ ಇದೆ ಸರ್” ಎಂದರು ತಮ್ಮ. ಇದೆ ನಿಜ. ಆದರೆ ಅದು ನಿಲ್ಲಿಸುವುದು ಕ್ಯಾಮೆರಾ ಹಿಡಿದವರ ಕೈಯ ನಡುಕವನ್ನು. ಜೀರಿಗೆ-ಬೆಲ್ಲ ಎರಚುವ ಕೈಯನ್ನು ನಿಲ್ಲಿಸಲು ಷಟರ್ ವೇಗ ಬೇಕು, ಇಲ್ಲವೇ ಫ್ಲ್ಯಾಷ್ ಬೇಕು. ಚಿತ್ರಗಳನ್ನು ಮುಂದಿಟ್ಟುಕೊಂಡು ನೋಡಿದಾಗ ಅವರೂ ಒಪ್ಪಿದರು: ಹಿನ್ನೆಲೆಯ ಕಂಬಗಳು ಶಾರ್ಪ್ ಆಗಿದ್ದವು, ಕೈ ಮಾತ್ರ ಕಲಸಿತ್ತು.

ಪಟ್ಟಿಗಳ ಕಾರಣ ಅವರಿಗೆ ಪೂರ್ತಿ ಹೊಸದಾಗಿತ್ತು. ನಮ್ಮ ವಿದ್ಯುತ್ತು 50 ಹರ್ಟ್ಸ್. ಅದರಿಂದ ನೇರವಾಗಿ ಉರಿಯುವ ಅಗ್ಗದ ದೀಪಗಳು ಸೆಕೆಂಡಿಗೆ 100 ಸಲ ಹೆಚ್ಚುಕಡಿಮೆಯಾಗುತ್ತವೆ. ಷಟರ್ ಸೆಕೆಂಡಿನ ನೂರನೆಯ ಒಂದು ಭಾಗ ತೆರೆದಿದ್ದರೆ ಒಂದು ಸುತ್ತು ಪೂರ್ತಿಯಾಗಿ ಸಿಕ್ಕಿ ಬೆಳಕು ಸಮನಾಗಿ ಬೀಳುತ್ತದೆ. 1/320ಕ್ಕೆ ಹೋದರೆ ಷಟರಿನ ಸೀಳು ಚಿತ್ರದ ಮೇಲೆ ಹಾದುಹೋಗುವಾಗ ಒಂದು ಕಡೆ ಬೆಳಕಿನ ಏರು, ಇನ್ನೊಂದು ಕಡೆ ಇಳಿತ. ಬೆಳಗಿನ ಚಿತ್ರಗಳು ಅಲುಗಿದವು ಎಂಬ ಭಯಕ್ಕೆ ಸಂಜೆ ತಮ್ಮ ವೇಗವನ್ನು 1/320ಕ್ಕೆ ಏರಿಸಿದ್ದರು. ಒಂದು ತಪ್ಪಿನಿಂದ ತಪ್ಪಿಸಿಕೊಳ್ಳಲು ಹೋಗಿ ಇನ್ನೊಂದರೊಳಗೆ ಬಿದ್ದಿದ್ದರು. ಇದನ್ನು ತಿಳಿದಾಗ ಅವರ ಮುಖದಲ್ಲಿ ಕಂಡ ನಿರಾಳ ನನಗೆ ಇನ್ನೂ ನೆನಪಿದೆ. ಆ ಗಾದೆ ಅವರನ್ನು ಎಷ್ಟು ಚುಚ್ಚಿತ್ತೆಂದು ಆಗಲೇ ನನಗೆ ತಿಳಿದದ್ದು.

ಖಾಲಿ ಛತ್ರದಲ್ಲಿ ಎರಡು ಕ್ಯಾಮೆರಾ

ಆ ವರ್ಷ ಆಷಾಢದ ಬೆನ್ನಿಗೇ ಅಧಿಕ ಶ್ರಾವಣ ಬಂದಿತ್ತು. ಜೂನ್ 19ರಿಂದ ಆಗಸ್ಟ್ ಮಧ್ಯದವರೆಗೆ, ಎರಡು ತಿಂಗಳು, ಮದುವೆಗಳಿಲ್ಲ. ಬಿಡುವೇನೋ ಧಾರಾಳವಾಗಿತ್ತು, ಆದಾಯ ಇರಲಿಲ್ಲ. ಜುಲೈ ತಿಂಗಳ ಒಂದು ಮಳೆಯ ದಿನ ಪರಿಚಯದವರ ಛತ್ರದ ಬೀಗ ತೆಗೆಸಿ, ದೀಪದ ಗುತ್ತಿಗೆಯವರನ್ನು ಒಪ್ಪಿಸಿ ಎಲ್‌ಇಡಿ ಪರದೆಯನ್ನು ಕಟ್ಟಿಸಿದೆವು. ಆರ್6 ಮಾರ್ಕ್ 2ನ್ನು ಎರಡು ದಿನಕ್ಕೆ ಬಾಡಿಗೆಗೆ ತಂದೆವು. ಮನೆಯ ಹುಡುಗ ಒಬ್ಬ ವರನಾದ, ಅವನ ಸೋದರತ್ತೆಯ ಮಗಳು ವಧು. ಹಳೆಯ ಕ್ಯಾಮೆರಾಕ್ಕೆ ಮೊದಲೇ ಮೆನುವಿನಲ್ಲಿ 85 ಎಂಎಂ ಲೆನ್ಸನ್ನು ಹೊಂದಿಸಿದ್ದೆವು. ಹಾಗೆ ಮಾಡದೆ ಹೋಲಿಸಿದರೆ ಅನ್ಯಾಯವಾಗುತ್ತಿತ್ತು.

ಮಂಟಪದಲ್ಲಿ ಕುಳಿತ ಜೋಡಿಯನ್ನು ಎಫ್/4ರಲ್ಲಿ, ಎರಡು ಬದಿಗೆ ಸ್ಟ್ಯಾಂಡಿನ ಮೇಲಿಟ್ಟ ಫ್ಲ್ಯಾಷ್‌ಗಳೊಂದಿಗೆ ತೆಗೆದಾಗ ಎರಡು ಕ್ಯಾಮೆರಾಗಳಿಗೂ ಒಂದೂ ತಪ್ಪಲಿಲ್ಲ. ಜೋಡಿ ಬಾಗಿಲಿನಿಂದ ಮಂಟಪದವರೆಗೆ ನಡೆದು ಬರುವಾಗ 85 ಎಂಎಂ ಲೆನ್ಸಿನಲ್ಲಿ ತೆಗೆದ 30 ಚಿತ್ರಗಳಲ್ಲಿ ಹಳೆಯದಕ್ಕೆ 22 ಸರಿಯಾದವು, ಹೊಸದಕ್ಕೆ 28. ದೀಪಗಳನ್ನು ಇನ್ನಷ್ಟು ಇಳಿಸಿದಾಗ ಹಳೆಯದು ಫೋಕಸ್‌ಗಾಗಿ ಹಿಂದೆ ಮುಂದೆ ತಡಕಾಡಿತು, ಹೊಸದು ತಡಕಾಡಲಿಲ್ಲ. ಇಲ್ಲಿ ಅಣ್ಣ ಮೊದಲ ಬಾರಿಗೆ ಹೊಸ ಕ್ಯಾಮೆರಾವನ್ನು ಕೈಗೆ ತೆಗೆದುಕೊಂಡು, ಏನೂ ಹೇಳದೆ, ಹತ್ತು ನಿಮಿಷ ತಾವೇ ಚಿತ್ರ ತೆಗೆದರು.

ಪರದೆಯ ಮುಂದೆ 1/320ರಲ್ಲಿ ಎರಡರಲ್ಲೂ ಪಟ್ಟಿ ಬಂತು. 1/100ಕ್ಕೆ ಇಳಿಸಿ ಫ್ಲ್ಯಾಷ್ ಸೇರಿಸಿದಾಗ ಎರಡರಲ್ಲೂ ಜೋಡಿಯ ಮೇಲಿನ ಪಟ್ಟಿ ಹೋಯಿತು, ಹಿಂದಿನ ಪರದೆಯಲ್ಲಿ ಮಾತ್ರ ತೆಳ್ಳಗೆ ಗೆರೆಗಳು ಉಳಿದವು. ಪರದೆಯ ಮಿಣುಕು ಸೆಕೆಂಡಿಗೆ ನೂರರ ಲೆಕ್ಕಕ್ಕೆ ಸಿಗುವುದಲ್ಲ. ಹೊಸದರಲ್ಲಿ ಷಟರ್ ವೇಗವನ್ನು ಸಣ್ಣಸಣ್ಣ ಅಳತೆಯಲ್ಲಿ ಸರಿಸುತ್ತ ಹೋಗುವ ಸೌಲಭ್ಯವಿದೆ. ಅದನ್ನು ಬಳಸಿ ಆ ಗೆರೆಗಳನ್ನೂ ಕಳೆದೆವು. ಅದೇ ಕ್ಯಾಮೆರಾವನ್ನು ಸದ್ದಿಲ್ಲದ ಎಲೆಕ್ಟ್ರಾನಿಕ್ ಷಟರಿಗೆ ಹಾಕಿ ನೋಡಿದಾಗ ಪಟ್ಟಿಗಳು ಹಿಂದೆಂದೂ ಇಲ್ಲದಷ್ಟು ದಟ್ಟವಾಗಿ ಬಂದವು. ಆ ವಿಧಾನದಲ್ಲಿ ಕ್ಯಾಮೆರಾ ಚಿತ್ರವನ್ನು ಮೇಲಿನಿಂದ ಕೆಳಕ್ಕೆ ಸಾಲುಸಾಲಾಗಿ ಓದುತ್ತದೆ. ಓದಿ ಮುಗಿಸುವಷ್ಟರಲ್ಲಿ ದೀಪ ಏರಿ ಇಳಿದು ಆಗಿರುತ್ತದೆ. ಎಲ್ಲರೂ ನೋಡಿದೆವು. ತಮ್ಮ ಅದನ್ನು ಪುಸ್ತಕದಲ್ಲಿ ಬರೆದುಕೊಂಡರು ಕೂಡ.

ಕೊನೆಗೆ ಮುದ್ರಣ. ಅವರ ಆಲ್ಬಂಗಳು 12×36 ಅಂಗುಲದವು, ಅಂದರೆ ತೆರೆದಾಗ ಒಂದೊಂದು ಪುಟ 12×18. ಹಳೆಯ ಬಾಡಿಯ ಚಿತ್ರ 5760×3840 ಪಿಕ್ಸೆಲ್. ಪುಟದ ತುಂಬ ಹರಡಿದರೂ ಅಂಗುಲಕ್ಕೆ 320 ಬಿಂದು ಸಿಗುತ್ತದೆ. ಹೊಸದರದು 6000×4000; ಅಂಗುಲಕ್ಕೆ 333. ಇಷ್ಟೇ ವ್ಯತ್ಯಾಸ. ಯಾವುದು ಯಾವುದರದೆಂದು ಹೇಳದೆ ಎರಡರಿಂದಲೂ ಪುಟಗಳನ್ನು ಮಾಡಿಸಿ ಅತ್ತಿಗೆಗೆ, ಆಲ್ಬಂ ಮುದ್ರಿಸುವವರಿಗೆ, ಹಳೆಯ ಮೂವರು ಗ್ರಾಹಕರಿಗೆ ತೋರಿಸಿದೆವು. ಫ್ಲ್ಯಾಷ್ ಬಳಸಿದ ಪುಟಗಳಲ್ಲಿ ಯಾರಿಗೂ ಗುರುತು ಹಿಡಿಯಲಾಗಲಿಲ್ಲ. ಐಎಸ್‌ಒ 6400ರಲ್ಲಿ ತೆಗೆದ ಕತ್ತಲೆಯ ಪುಟವೊಂದರಲ್ಲಿ ಮಾತ್ರ ಮುದ್ರಕರು ಸೀರೆಯ ಕಪ್ಪು ಮಡಿಕೆಗಳ ಮೇಲೆ ಬೆರಳಿಟ್ಟು, “ಇದು ಕೊಂಚ ಮರಳು ಮರಳಾಗಿದೆ” ಎಂದರು. ಅದು ಹಳೆಯದರದೇ.

ಇಷ್ಟಾದ ಮೇಲೆ ಉತ್ತರ ಸಿಕ್ಕಿತೆಂದು ನಾನು ಎಣಿಸಿದ್ದೆ. 318ರಲ್ಲಿ ಹೆಚ್ಚಿನವನ್ನು ಬೆಳಕಿನಿಂದ, ಹೊಂದಿಸಿದ ಲೆನ್ಸಿನಿಂದ, ಬಿಂದುವನ್ನು ತಾವೇ ಆರಿಸುವುದರಿಂದ ತಪ್ಪಿಸಬಹುದಿತ್ತು. ಹೊಸ ಬಾಡಿ ಬೇಡ ಎಂದು ಹೇಳಲು ಬಾಯಿ ತೆರೆದಿದ್ದೆ.

ಅತ್ತಿಗೆಯ ಪುಸ್ತಕ

ಅದೇ ಸಂಜೆ ಅವರ ಮನೆಯಲ್ಲಿ ಕಷಾಯ ಕುಡಿಯುತ್ತಿದ್ದಾಗ ಅತ್ತಿಗೆ ಒಳಗಿನಿಂದ ಉದ್ದನೆಯ ಲೆಕ್ಕದ ಪುಸ್ತಕ ತಂದರು. “ನೀವು ತೆಗೆದ ಚಿತ್ರಗಳನ್ನು ನೋಡಿದಿರಿ. ತೆಗೆಯದ ಮದುವೆಗಳನ್ನು ಯಾರೂ ನೋಡಲಿಲ್ಲ” ಎಂದರು.

ವಿಚಾರಿಸಿ ಹೋಗಿ ಮತ್ತೆ ಬಾರದವರನ್ನೂ ಅವರು ಬರೆದಿಡುತ್ತಿದ್ದರು. ಬೇರೆ ಕಡೆ ಎಲ್ಲಿಗೆ ಹೋದರು, ಏಕೆ ಹೋದರು ಎಂಬುದು ಚಿಕ್ಕ ಊರಿನಲ್ಲಿ ತಾನಾಗಿ ತಿಳಿಯುತ್ತದೆ. ಹಿಂದಿನ ಒಂದು ವರ್ಷದಲ್ಲಿ ಅಂಥ 19 ಹೆಸರುಗಳು. ದಿನಾಂಕ ಹೊಂದದೆ ಹೋದವರು 3, ದರ ಹೆಚ್ಚೆಂದವರು 5. ಉಳಿದ 11 ಮಂದಿಯೂ ಹೋದದ್ದು ವಿಡಿಯೊಕ್ಕಾಗಿ. ಮದುವೆಯ ಮಾರನೆಯ ದಿನವೇ ಮೊಬೈಲಿಗೆ ಕಳಿಸುವಂಥ ಪುಟ್ಟ ವಿಡಿಯೊ, ಚಿತ್ರಗಳೊಂದಿಗೆ ಒಂದೇ ಕಡೆ ಸಿಗಬೇಕು ಎನ್ನುವವರು. ಯಾವ ಕ್ಯಾಮೆರಾ ಎಂದು ಕೇಳಿದ್ದವರು 19ರಲ್ಲಿ ಒಬ್ಬರು ಮಾತ್ರ.

ಇನ್ನೊಂದು ಪುಟದಲ್ಲಿ ವಿಡಿಯೊಕ್ಕೆಂದು ಹೊರಗಿನವರನ್ನು ಕರೆಸಿದ ಲೆಕ್ಕ: 14 ಮದುವೆ, ತಲಾ 15,000 ರೂಪಾಯಿ, ಒಟ್ಟು 2,10,000. ಅಣ್ಣ ಆ ಅಂಕಿಯನ್ನು ಎರಡು ಸಲ ಓದಿದರು. ಪ್ರತಿ ಸಲ ಹದಿನೈದು ಸಾವಿರವೆಂದು ಕೊಟ್ಟದ್ದನ್ನು ಅವರು ಒಟ್ಟಾಗಿ ಎಂದೂ ಕೂಡಿಸಿರಲಿಲ್ಲ.

ಪ್ರಶ್ನೆ ಅಲ್ಲಿಗೆ ಬದಲಾಯಿತು. 5ಡಿ ಮಾರ್ಕ್ 3 ತನ್ನ ಕಾಲಕ್ಕೆ ಒಳ್ಳೆಯ ವಿಡಿಯೊ ಕ್ಯಾಮೆರಾವೇ. ಆದರೆ ಅದರದು ಫುಲ್ ಎಚ್‌ಡಿ ಮಾತ್ರ. ನಡೆದು ಬರುವ ಜೋಡಿಯನ್ನು ತಾನಾಗಿ ಹಿಂಬಾಲಿಸುವ ಫೋಕಸ್ ವಿಡಿಯೊದಲ್ಲಿ ಇಲ್ಲ. ಅರ್ಧ ಗಂಟೆ ತುಂಬುವ ಹೊತ್ತಿಗೆ ಚಿತ್ರೀಕರಣ ನಿಲ್ಲುತ್ತದೆ. ಆರ್6 ಮಾರ್ಕ್ 2 ಸೆಕೆಂಡಿಗೆ 60 ಚೌಕಟ್ಟಿನಂತೆ 4ಕೆ ತೆಗೆಯುತ್ತದೆ, ಮುಖವನ್ನು ಹಿಡಿದು ಬಿಡದೆ ಬರುತ್ತದೆ, ಅರ್ಧ ಗಂಟೆಯ ಆ ಕಟ್ಟೂ ಇಲ್ಲ. ಫೋಟೊಕ್ಕೆ ಸಣ್ಣದಾಗಿ ಕಂಡ ಅಂತರ ಇಲ್ಲಿ ಬಹಳ ದೊಡ್ಡದು. ಈ ದಾರಿಯಲ್ಲಿ ನಾನು ಯೋಚಿಸಿಯೇ ಇರಲಿಲ್ಲ. ಫೋಟೊದವನಾದ ನನಗೆ ಫೋಟೊ ಮಾತ್ರ ಕಂಡಿತ್ತು. ಅಂದು ನಾನು ಬೇಡ ಎಂದು ಹೇಳಿ ಎದ್ದು ಬಂದಿದ್ದರೆ ಅವರಿಗೆ ನಷ್ಟ ಮಾಡಿದಂತಾಗುತ್ತಿತ್ತು.

ಹಾಗೆಂದು ಮರುದಿನವೇ ಕೊಳ್ಳಿ ಎಂದೂ ಹೇಳಲಾಗಲಿಲ್ಲ. ಬಾಡಿಗೆಯ ಕ್ಯಾಮೆರಾದ ವಿಡಿಯೊವನ್ನು ಸ್ಟುಡಿಯೊದ ಗಣಕದಲ್ಲಿ ತೆರೆದಾಗ ಅದು ಹೆಜ್ಜೆಗೊಮ್ಮೆ ನಿಂತಿತು. ಹೊಸ ಕ್ಯಾಮೆರಾದ ರಾ ಕಡತಗಳು (ಸಂಸ್ಕರಿಸದ ಮೂಲ ಚಿತ್ರಗಳು) ಸಿಆರ್3 ಎಂಬ ರೂಪದವು. ಒಮ್ಮೆ ಹಣ ಕೊಟ್ಟು ಕೊಂಡು ಅವರು ನೆಚ್ಚಿಕೊಂಡಿದ್ದ ಚಿತ್ರ ತಿದ್ದುವ ತಂತ್ರಾಂಶ ಲೈಟ್‌ರೂಮ್ 6 ಅವನ್ನು ತೆರೆಯಲೇ ಇಲ್ಲ. ಗಣಕ, ತಂತ್ರಾಂಶ, ಹಾರ್ಡ್ ಡಿಸ್ಕ್ ಎಂದು ಇನ್ನೊಂದು ಲಕ್ಷದ ಹತ್ತಿರ. ಅಂಗಡಿಯವರ ಕಾಗದದಲ್ಲಿ ಇದ್ಯಾವುದೂ ಇರಲಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಇಬ್ಬರಲ್ಲಿ ಯಾರಿಗೂ ವಿಡಿಯೊ ಸಂಕಲನ ಬರುತ್ತಿರಲಿಲ್ಲ.

ಅವರು ಮಾಡಿದ್ದು

ತೀರ್ಮಾನವನ್ನು ಎರಡಾಗಿ ಒಡೆದರು. ಹಾಗೆ ಒಡೆದದ್ದೇ ಈ ಪ್ರಕರಣದಲ್ಲಿ ಅವರು ಮಾಡಿದ ಅತ್ಯಂತ ಬುದ್ಧಿವಂತ ಕೆಲಸ ಎಂದು ನಾನು ನಂಬಿದ್ದೇನೆ.

ಫೋಟೊದ ಕಷ್ಟಕ್ಕೆ ಕೂಡಲೇ ಪರಿಹಾರ. ಎರಡು ಫ್ಲ್ಯಾಷ್, ಅವನ್ನು ದೂರದಿಂದ ಹೊತ್ತಿಸುವ ರೇಡಿಯೊ ಟ್ರಿಗರ್, ಎತ್ತರದ ಸ್ಟ್ಯಾಂಡು, ಬಿಳಿ ಕೊಡೆಗಳು ಸೇರಿ 32,000 ರೂಪಾಯಿ. ಸೇವಾ ಕೇಂದ್ರದಲ್ಲಿ ತೋರಿಸಿದಾಗ ಹಳೆಯ ಬಾಡಿಯ ಷಟರ್ 1,90,000 ಸಲ ಬಡಿದಿತ್ತು. ತಯಾರಕರು ಹೇಳುವ ಅಂದಾಜು ಆಯುಷ್ಯ 1,50,000. ಮುಹೂರ್ತದ ಹೊತ್ತಿಗೆ ಅದು ಕೈಕೊಟ್ಟರೆ ಗತಿಯೇನು ಎಂಬ ಯೋಚನೆ ಯಾರಿಗೂ ಬಂದಿರಲಿಲ್ಲ. ಷಟರ್ ಬದಲಾವಣೆ, ಸ್ವಚ್ಛತೆಗೆ 21,000. ಒಟ್ಟು 53,000. ಕ್ಯಾನನ್ ಇನ್ನು ಮುಂದೆ ಉನ್ನತ ದರ್ಜೆಯ ಡಿಎಸ್‌ಎಲ್‌ಆರ್ ತರುವುದಿಲ್ಲ ಎಂದು ಆ ಸಂಸ್ಥೆಯ ಮುಖ್ಯಸ್ಥರು 2021ರ ಕೊನೆಯಲ್ಲೇ ಹೇಳಿದ್ದರು. ಹಾಗಿರುವಾಗ ಹಳೆಯದಕ್ಕೆ ಇಷ್ಟು ಹಣ ಸುರಿಯುವುದು ಸರಿಯೇ ಎಂದು ತಮ್ಮ ಕೇಳಿದರು. ಕೇಳಬೇಕಾದ ಪ್ರಶ್ನೆಯೇ ಅದು. ಆದರೆ ಫ್ಲ್ಯಾಷ್, ಸ್ಟ್ಯಾಂಡು, ಕೊಡೆಗಳು ನಾಳೆಯ ಕ್ಯಾಮೆರಾಕ್ಕೂ ಆಗುತ್ತವೆ. ಷಟರ್ ಹೊಸದಾದ ಬಾಡಿ ನಾಳೆ ಎರಡನೆಯ ಕ್ಯಾಮೆರಾ ಆಗಿ ದುಡಿಯುತ್ತದೆ. ವ್ಯರ್ಥವಾಗುವ ಭಾಗ ಬಹಳ ಕಡಿಮೆ ಇತ್ತು.

ವಿಡಿಯೊದ ವಿಷಯಕ್ಕೆ ಒಂದು ವರ್ಷದ ಗಡುವು. ತಮ್ಮ ಸಂಕಲನ ಕಲಿಯಬೇಕು. ಕಲಿತದ್ದಕ್ಕೆ ಸಾಕ್ಷಿಯಾಗಿ ಐದು ಮದುವೆಗಳಿಗೆ ಬಾಡಿಗೆ ಕ್ಯಾಮೆರಾದಲ್ಲಿ ಪುಟ್ಟ ವಿಡಿಯೊ ಮಾಡಿ ಕೊಡಬೇಕು. ಅದಕ್ಕೆ ಬಂದ ಹಣವನ್ನು ಅತ್ತಿಗೆ ಬೇರೆ ಖಾತೆಯಲ್ಲಿ ಇಡಬೇಕು. ಕಂತಿಗೆ ಕೊಳ್ಳುವಂತಿಲ್ಲ. ಈ ಕೊನೆಯ ನಿಬಂಧನೆ ಅಣ್ಣನದು. ಅದು ಅತಿಯಾಯಿತೆಂದು ಆಗ ನನಗೆ ಅನಿಸಿತ್ತು. ಮುಂದೆ ನಡೆದದ್ದನ್ನು ನೋಡಿದ ಮೇಲೆ ಹಾಗೆ ಅನಿಸುವುದಿಲ್ಲ. 2024ರ ಮೇ, ಜೂನ್ ತಿಂಗಳುಗಳಲ್ಲಿ ಗುರು ಮತ್ತು ಶುಕ್ರ ಅಸ್ತವಾಗಿದ್ದ ಕಾರಣ ಹೆಚ್ಚುಕಡಿಮೆ ಮುಹೂರ್ತಗಳೇ ಇರಲಿಲ್ಲ, ಅದರ ಬೆನ್ನಿಗೆ ಮತ್ತೆ ಆಷಾಢ. 2023ರ ಜೂನ್‌ನಲ್ಲಿ ಸಾಲಕ್ಕೆ ಸಹಿ ಹಾಕಿದ್ದರೆ ಕಂತಿನ ಒಂದು ವರ್ಷದೊಳಗೇ ಎರಡು ಬರಗಾಲ. ಮದುವೆಯ ಕಸುಬಿನವರು ಕ್ಯಾಮೆರಾದ ಬೆಲೆಯನ್ನು ನೋಡುವಾಗ ಪಕ್ಕದಲ್ಲಿ ಪಂಚಾಂಗವನ್ನೂ ಇಟ್ಟುಕೊಳ್ಳಬೇಕು ಎಂದು ನಾನು ಈಗ ಎಲ್ಲರಿಗೂ ಹೇಳುತ್ತೇನೆ.

ಮುಂದೆ ಏನಾಯಿತು

ನಿಜ ಶ್ರಾವಣದಿಂದ ಮದುವೆಗಳು ಮತ್ತೆ ಆರಂಭವಾದವು. ಫ್ಲ್ಯಾಷ್ ಸ್ಟ್ಯಾಂಡುಗಳನ್ನು ಎಲ್ಲಿ ನಿಲ್ಲಿಸುವುದು ಎಂಬುದಕ್ಕೆ ಮೊದಲ ಮೂರು ಮದುವೆಗಳಲ್ಲಿ ಒದ್ದಾಡಿದರು. ಹೆಂಗಸರು ಆರತಿ ತರುವ ದಾರಿಯಲ್ಲೇ ಒಮ್ಮೆ ಸ್ಟ್ಯಾಂಡು ನಿಂತಿತ್ತು, ಹಿರಿಯರೊಬ್ಬರು ಸಿಟ್ಟಾದರು. ಮುಂದೆ ಮುನ್ನಾದಿನ ಸಂಜೆಯೇ ಛತ್ರಕ್ಕೆ ಹೋಗಿ ಪುರೋಹಿತರೊಂದಿಗೆ ಮಾತನಾಡಿ ಜಾಗ ಗುರುತು ಮಾಡಿಕೊಳ್ಳುವ ಪದ್ಧತಿ ಬಂತು. ಕಾರ್ತಿಕ-ಮಾರ್ಗಶಿರದ ಮೂರು ಮದುವೆಗಳ ಕೆಟ್ಟ ಚಿತ್ರಗಳನ್ನು ಅದೇ ಬಗೆಯಲ್ಲಿ ವಿಂಗಡಿಸಿದಾಗ 318 ಇದ್ದದ್ದು 97ಕ್ಕೆ ಇಳಿದಿತ್ತು. ಉಳಿದವುಗಳಲ್ಲಿ ಹೆಚ್ಚಿನವು ನಡೆಯುವ, ಓಡುವ, ಕುಣಿಯುವ ಜನರ ಚಿತ್ರಗಳು. ಹಳೆಯ ಕ್ಯಾಮೆರಾದ ನಿಜವಾದ ಮಿತಿ ಎಲ್ಲಿದೆ ಎಂಬುದು ಆಗ ಕಲಬೆರಕೆಯಿಲ್ಲದೆ ಕಂಡಿತು.

ತಮ್ಮ ಐದರ ಬದಲು ಏಳು ವಿಡಿಯೊ ಮಾಡಿದರು. ಮೊದಲ ಎರಡು ಚೆನ್ನಾಗಿರಲಿಲ್ಲ, ಅವಕ್ಕೆ ಹಣ ತೆಗೆದುಕೊಳ್ಳಲಿಲ್ಲ. 2024ರ ದಸರೆಯ ಹೊತ್ತಿಗೆ ಖಾತೆಯಲ್ಲಿದ್ದ ಹಣಕ್ಕೆ ಮನೆಯ ಉಳಿತಾಯ ಸೇರಿಸಿ ಆರ್6 ಮಾರ್ಕ್ 2ನ್ನೇ ಕೊಂಡರು. ಆಯುಧಪೂಜೆಯ ದಿನ ನನಗೆ ಕಳಿಸಿದ ಚಿತ್ರದಲ್ಲಿ ಮಣೆಯ ಮೇಲೆ ಎರಡು ಬಾಡಿಗಳಿಗೂ ಕುಂಕುಮವಿತ್ತು, ಸೇವಂತಿಗೆ ಇತ್ತು. ಹಳೆಯದು ಈಗ ಅಣ್ಣನ ಕೈಯಲ್ಲಿದೆ, 60ಡಿಗೆ ನಿವೃತ್ತಿ.

ನವೆಂಬರ್‌ನಲ್ಲಿ ಹೊಸ ಕ್ಯಾಮೆರಾದ ಮೊದಲ ಮದುವೆ. ಮಂತ್ರ ಹೇಳುವಾಗ ಟಕಟಕ ಸದ್ದು ಬೇಡವೆಂದು ಪುರೋಹಿತರು ಹೇಳಿದ್ದಕ್ಕೆ ತಮ್ಮ ಬೆಳಗ್ಗೆ ಎಲೆಕ್ಟ್ರಾನಿಕ್ ಷಟರಿಗೆ ಬದಲಿಸಿಕೊಂಡಿದ್ದರು. ಸಂಜೆ ಹಿಂದಕ್ಕೆ ಬದಲಿಸಲು ಮರೆತರು. ಆ ವಿಧಾನದಲ್ಲಿ ಈ ಕ್ಯಾಮೆರಾ ಫ್ಲ್ಯಾಷನ್ನು ಹೊತ್ತಿಸುವುದೂ ಇಲ್ಲ. ಸ್ಟ್ಯಾಂಡಿನ ಮೇಲೆ ಎರಡು ಫ್ಲ್ಯಾಷ್ ಸುಮ್ಮನೆ ನಿಂತಿದ್ದವು, ಎಲ್‌ಇಡಿ ಪರದೆಯ ಮುಂದೆ ಜೋಡಿ ನಗುತ್ತಿತ್ತು, 41 ಚಿತ್ರಗಳ ಮೇಲೆ ಅಡ್ಡಡ್ಡಲಾಗಿ ಅವೇ ಕಪ್ಪು ಪಟ್ಟಿಗಳು. ಖಾಲಿ ಛತ್ರದಲ್ಲಿ ಕಣ್ಣಾರೆ ನೋಡಿ, ಪುಸ್ತಕದಲ್ಲಿ ಬರೆದುಕೊಂಡದ್ದು ಹದಿನಾರು ತಿಂಗಳಲ್ಲಿ ಕೈಯಿಂದ ಜಾರಿತ್ತು. ಅಣ್ಣ ಪಕ್ಕದಿಂದ ಹಳೆಯ ಬಾಡಿಯಲ್ಲಿ, ಅದೇ ಫ್ಲ್ಯಾಷ್‌ಗಳ ಬೆಳಕಿನಲ್ಲಿ, 1/100ರಲ್ಲಿ ತೆಗೆದಿದ್ದ ಚಿತ್ರಗಳಿಂದ ಆರತಕ್ಷತೆಯ ಪುಟಗಳು ತುಂಬಿದವು.

ಮರುದಿನ ಬೆಳಗ್ಗೆ ತಮ್ಮ ನನಗೆ ಕರೆ ಮಾಡಿ ಇಷ್ಟನ್ನೂ ಹೇಳಿದರು. ಮನೆಯಲ್ಲಿ ಏನೆಂದರು ಎಂದು ನಾನು ಅಳುಕುತ್ತಲೇ ಕೇಳಿದೆ. ರಾತ್ರಿ ತಾವೊಬ್ಬರೇ ಗಣಕದ ಮುಂದೆ ಕುಳಿತು ಆ 41 ಚಿತ್ರಗಳನ್ನು ಕೆಟ್ಟ ಚಿತ್ರಗಳ ಫೋಲ್ಡರ್‌ಗೆ ಹಾಕುತ್ತಿದ್ದರಂತೆ. ಅಣ್ಣ ಒಳಗೆ ಬಂದರು, ಪರದೆಯನ್ನು ನೋಡಿದರು. ಗಾದೆ ಬರುತ್ತದೆಂದು ಇವರು ಕಾದರು. ಅಣ್ಣ ಇನ್ನೊಂದು ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕುಳಿತು, “ಮೊದಲನೆಯದನ್ನು ತೆರೆ, ಷಟರ್ ಎಷ್ಟಿದೆ ನೋಡೋಣ” ಎಂದರಂತೆ.